ಬಾಕಿಯವರು: ಆಟದ ಮೇಜಿಗೊಂದು ಪಂಥ ಕಟ್ಟಿದ ದಾಖಲೆ

ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ರೋಲ್-ಪ್ಲೇಯಿಂಗ್ ಆಟ ನಮ್ಮದು. ಕ್ಯಾಂಪೇನ್ (ಸೆಷನ್‌ನಿಂದ ಸೆಷನ್‌ಗೆ ಮುಂದುವರಿಯುವ ಕತೆ) ಶುರುವಾಗಿ ಎಂಟು ಸೆಷನ್ ಕಳೆದಿದ್ದರೂ ಕ್ಲೆರಿಕ್ ಪಾತ್ರಕ್ಕೆ, ಅಂದರೆ ದೇವರ ಬಲದಿಂದ ಮಂತ್ರ ಹಾಕುವ ಪೂಜಾರಿಗೆ, ಇನ್ನೂ ದೇವರು ಗಟ್ಟಿಯಾಗಿರಲಿಲ್ಲ. ಆ ಪಾತ್ರ ಆಡುವವಳು ಗಾಯ ವಾಸಿ ಮಾಡುತ್ತಿದ್ದಳು, ಪ್ರೇತಗಳನ್ನು ಓಡಿಸುತ್ತಿದ್ದಳು. ಯಾರ ಹೆಸರಲ್ಲಿ ಎಂದು ಉಳಿದವರು ಕೇಳಿದರೆ "ಅದನ್ನ ಗೇಮ್ ಮಾಸ್ಟರ್ ಹೇಳ್ತಾನೆ" ಎಂದು ಆಟ ನಡೆಸುವ ನನ್ನ ಕಡೆ ಕೈ ತೋರಿಸುತ್ತಿದ್ದಳು. ನಾನು ಮುಂದಿನ ವಾರ ಹೇಳ್ತೀನಿ ಅನ್ನುತ್ತಿದ್ದೆ. ಕೊನೆಗೆ ಆಟಕ್ಕೆ ಮೂರು ವಾರ ಬಿಡುವು ಸಿಕ್ಕಿತು, ನೆಪ ಹೇಳಲು ಜಾಗ ಉಳಿಯಲಿಲ್ಲ. ಆ ಮೂರು ವಾರದಲ್ಲಿ ಕಟ್ಟಿದ್ದು, ಕೆಡವಿದ್ದು, ಮತ್ತೆ ಕಟ್ಟಿದ್ದು ಎಲ್ಲ ಇಲ್ಲಿದೆ.

ಮೊದಲ ವಾರ: ಹನ್ನೊಂದು ಪುಟ, ಒಂದು ಪ್ರಶ್ನೆ

ಎಲ್ಲರೂ ಮಾಡುವ ಹಾಗೆ ನಾನೂ ಮೇಲಿಂದ ಕೆಳಗೆ ಶುರು ಮಾಡಿದೆ. ಮೊದಲು ದೇವರು, ಆಮೇಲೆ ಸೃಷ್ಟಿಯ ಕತೆ, ಆ ದೇವರಿಗೆ ಮೂರು ಮುಖ, ಮುಖಕ್ಕೊಂದು ಬಣ್ಣ, ಬಣ್ಣಕ್ಕೊಂದು ಹಬ್ಬ. ಹೆಸರು 'ಶೇಷ ಪಂಥ'. ಭಾಗಾಕಾರ ಮಾಡಿದ ಮೇಲೆ ಉಳಿಯುತ್ತದಲ್ಲ, ಆ ಶೇಷ. ಜಗತ್ತನ್ನೆಲ್ಲ ಹಂಚಿದ ಮೇಲೆ ಉಳಿದದ್ದೇ ದೇವರು ಎನ್ನುವುದು ತಿರುಳು. ಬರೆಯುವಾಗ ನನಗೇ ಮೈ ಜುಮ್ಮೆಂದಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಹನ್ನೊಂದು ಪುಟವನ್ನು ನಾಲ್ವರಿಗೂ ಕಳಿಸಿದೆ. ಮೊದಲ ಉತ್ತರ ಕಳ್ಳನ ಪಾತ್ರ ಆಡುವವನದು: "ನನ್ನ ಪಾತ್ರ ಊರಿಗೆ ಹೋಗಿ ವಿಷಕ್ಕೆ ಮದ್ದು ತಗೊಳ್ಳುತ್ತೆ. ಹಾವಿನ ಪಂಥ ತಾನೆ?" ಹಾವಲ್ಲ, ಭಾಗಾಕಾರ ಎಂದೆ. "ಶೇಷ ಅಂದ್ರೆ ಹಾವೇ" ಎಂದು ಇನ್ನಿಬ್ಬರು ದನಿಗೂಡಿಸಿದರು. ಮಾಂತ್ರಿಕನ ಪಾತ್ರದವನು ಅಷ್ಟರಲ್ಲಿ ಏಳು ಹೆಡೆಯ ಲಾಂಛನ ಬಿಡಿಸಿ ಕಳಿಸಿಯೂ ಆಗಿತ್ತು. ಚೆನ್ನಾಗಿಯೇ ಇತ್ತು. ಕೇಳಿದವನಿಗೆ ವಿವರಣೆ ಕೊಡಬೇಕಾದ ಹೆಸರು ಮೇಜಿನ ಮೇಲೆ ನಿಲ್ಲುವುದಿಲ್ಲ. ಅಲ್ಲಿಗೆ ಶೇಷ ಪಂಥದ ಹೆಸರು ಹೋಯಿತು.

ನಿಜವಾದ ಪೆಟ್ಟು ಬಿದ್ದದ್ದು ಕ್ಲೆರಿಕ್ ಆಡುವವಳಿಂದ. ಹನ್ನೊಂದೂ ಪುಟ ಓದಿದ್ದು ಅವಳೊಬ್ಬಳೇ. ಓದಿ ಫೋನ್ ಮಾಡಿದಳು.

"ಎಲ್ಲಾ ಸರಿ ಗುರೂ. ಇವರು ಬೆಳಿಗ್ಗೆ ಎದ್ದು ಏನು ಮಾಡ್ತಾರೆ?"

"ಪ್ರಾರ್ಥನೆ."

"ಆಮೇಲೆ?"

ಆಮೇಲೆ ಏನು ಎನ್ನುವುದು ನನ್ನ ಹನ್ನೊಂದು ಪುಟದಲ್ಲಿ ಎಲ್ಲೂ ಇರಲಿಲ್ಲ. ಜಗತ್ತು ಹುಟ್ಟುವ ಮುಂಚೆ ದೇವರು ಏನು ಯೋಚಿಸುತ್ತಿದ್ದ ಎಂದು ಎರಡು ಪುಟ ಬರೆದವನಿಗೆ ಅವನ ಭಕ್ತರು ಹತ್ತು ಗಂಟೆಗೆ ಎಲ್ಲಿರುತ್ತಾರೆ ಎಂದು ಗೊತ್ತಿರಲಿಲ್ಲ. ಅವಳು ಆಡಬೇಕಾದದ್ದು ಆ ಹತ್ತು ಗಂಟೆಯನ್ನು.

ಕೆಡವಿದ ಮೇಲೆ: ನಿಜವಾದ ಪಂಥಗಳು ತಮ್ಮ ಬಗ್ಗೆ ಏನು ಬರೆದುಕೊಂಡಿವೆ

ಉಳಿದ ವಾರ ಒಂದಕ್ಷರ ಬರೆಯದೆ ಓದಿದೆ. ನಿಜವಾದ ಸಂಘಗಳು, ಮಠಗಳು ತಮ್ಮ ನಿಯಮಗಳನ್ನು ಹೇಗೆ ಬರೆದುಕೊಂಡಿವೆ ಎನ್ನುವುದಷ್ಟನ್ನೇ ನೋಡಿದೆ, ದೇವತಾಶಾಸ್ತ್ರದ ಕಡೆ ತಲೆ ಹಾಕಲಿಲ್ಲ.

6ನೇ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ತನ್ನ ಸನ್ಯಾಸಿಗಳಿಗೆ ಬರೆದ ನಿಯಮಾವಳಿಯಲ್ಲಿ 73 ಅಧ್ಯಾಯಗಳಿವೆ. ಅದರಲ್ಲಿ 22ನೆಯದು ಹೇಗೆ ಮಲಗಬೇಕು ಎನ್ನುವುದಕ್ಕೇ ಮೀಸಲು. ಒಬ್ಬೊಬ್ಬರಿಗೂ ಬೇರೆ ಹಾಸಿಗೆ, ಬೆಳಗಿನವರೆಗೆ ಕೋಣೆಯಲ್ಲಿ ದೀಪ ಉರಿಯುತ್ತಿರಬೇಕು, ಉಟ್ಟ ಬಟ್ಟೆಯಲ್ಲೇ, ಸೊಂಟದ ಪಟ್ಟಿ ಕಟ್ಟಿಕೊಂಡೇ ಮಲಗಬೇಕು. ಆದರೆ ಪಕ್ಕದಲ್ಲಿ ಚಾಕು ಇಟ್ಟುಕೊಳ್ಳಬಾರದು, ನಿದ್ದೆಗಣ್ಣಲ್ಲಿ ಚುಚ್ಚಿಕೊಂಡಾರು. ಆ ಚಾಕುವಿನ ಮಾತು ಓದಿ ಪುಸ್ತಕ ಕೆಳಗಿಟ್ಟೆ. ಆ ಒಂದು ಸಾಲಿನಲ್ಲಿ ಇಡೀ ಮಲಗುವ ಕೋಣೆ ಕಣ್ಣಿಗೆ ಬಂತು: ಹಗಲೆಲ್ಲ ಕೆಲಸ ಮಾಡಿ ಚಾಕು ಸಮೇತ ದೊಪ್ಪೆಂದು ಬೀಳುವ ದಣಿದ ಗಂಡಸರು, ಗಂಟೆ ಹೊಡೆದ ಕೂಡಲೇ ಕತ್ತಲಲ್ಲಿ ಏಳುವ ಗಡಿಬಿಡಿ. ನನ್ನ ಹನ್ನೊಂದು ಪುಟದಲ್ಲಿ ಅಂಥ ಸಾಲು ಒಂದೂ ಇರಲಿಲ್ಲ.

ಬೌದ್ಧ ವಿನಯ (ಸಂಘದ ಶಿಸ್ತಿನ ನಿಯಮಗಳು) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಥೇರವಾದ ಪರಂಪರೆಯಲ್ಲಿ ಭಿಕ್ಷುಗಳಿಗೆ 227 ನಿಯಮ, ಭಿಕ್ಷುಣಿಯರಿಗೆ 311. ಹದಿನೈದು ದಿನಕ್ಕೊಮ್ಮೆ ಸಂಘ ಸೇರಿ ಅವನ್ನು ಪಠಿಸುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಖ್ಯೆಯಲ್ಲ. ಅಲ್ಲಿ ನಿಯಮಗಳು ಮೊದಲೇ ಕೂತು ಬರೆದವಲ್ಲ. ಯಾರೋ ಏನೋ ಎಡವಟ್ಟು ಮಾಡುತ್ತಾನೆ, ಜನ ಆಡಿಕೊಳ್ಳುತ್ತಾರೆ, ಸುದ್ದಿ ಬುದ್ಧನಿಗೆ ಮುಟ್ಟುತ್ತದೆ, ಆಮೇಲೆ ನಿಯಮ ಬರುತ್ತದೆ. ನಿಯಮದ ಜೊತೆಗೆ ಆ ಘಟನೆಯೂ ದಾಖಲಾಗಿ ಉಳಿಯುತ್ತದೆ. ಮತ್ತೊಂದು ಮಾತು: ಆ ಮೊದಲಿಗನಿಗೆ ದೋಷವಿಲ್ಲ. ಅವನು ಅದನ್ನು ಮಾಡಿದಾಗ ನಿಯಮ ಇರಲೇ ಇಲ್ಲವಲ್ಲ! ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡೆ.

ದುಡ್ಡಿನ ವಿಚಾರಕ್ಕೆ ಬಡತನದ ವ್ರತ ತೊಟ್ಟ ಕ್ರೈಸ್ತ ಪಂಥದವರಾದ ಫ್ರಾನ್ಸಿಸ್ಕನ್ನರು ಸಿಕ್ಕರು. ಅವರ 1223ರ ನಿಯಮ ನಾಣ್ಯವನ್ನು ತಾವೂ ಮುಟ್ಟಬಾರದು, ಮಧ್ಯವರ್ತಿಯ ಮೂಲಕವೂ ಪಡೆಯಬಾರದು ಎನ್ನುತ್ತದೆ. ಪಂಥ ಬೆಳೆಯಿತು, ಕಟ್ಟಡ ಬೇಕಾಯಿತು, ಪುಸ್ತಕ ಬೇಕಾಯಿತು. 1245ರಲ್ಲಿ ಪೋಪ್ ನಾಲ್ಕನೇ ಇನೊಸೆಂಟ್ ಒಂದು ದಾರಿ ಮಾಡಿಕೊಟ್ಟ: ಆಸ್ತಿಯೆಲ್ಲ ಪೋಪ್ ಪೀಠದ್ದು, ಇವರು ಬರೀ ಬಳಸುವವರು. ಇದು ಬೂಟಾಟಿಕೆ ಎಂದವರೂ ಪಂಥದೊಳಗೇ ಇದ್ದರು. ಜಗಳ ಬೆಳೆದು 1318ರಲ್ಲಿ ಮಾರ್ಸೇಯಲ್ಲಿ ನಾಲ್ವರು ಫ್ರಾನ್ಸಿಸ್ಕನ್ನರನ್ನು ಸುಟ್ಟರು. ಬಡತನ ಎಂದರೆ ಎಷ್ಟು ಬಡತನ ಎನ್ನುವ ವಾದ ಹೋಗಿ ನಿಂತದ್ದು ಅಲ್ಲಿ. ಹೊರಗಿಂದ ಒಬ್ಬ ಕೇಡಿಯನ್ನು ತಂದು ಕೂರಿಸಬೇಕಾಗಿಯೇ ಇಲ್ಲ. ಒಂದು ನಿಯಮವನ್ನು ಇಬ್ಬರು ಪ್ರಾಮಾಣಿಕರು ಎರಡು ರೀತಿ ಓದಿದರೆ ಕ್ಯಾಂಪೇನ್‌ಗೆ ವರ್ಷಕ್ಕಾಗುವಷ್ಟು ಜಗಳ ಸಿಗುತ್ತದೆ.

ಸಿಸ್ಟರ್ಶಿಯನ್ನರು (1098ರಲ್ಲಿ ಫ್ರಾನ್ಸಿನ ಸೀತೋ ಎಂಬಲ್ಲಿ ಶುರುವಾದ ಕ್ರೈಸ್ತ ಸನ್ಯಾಸಿಗಳು) ಜನರಿಂದ ದೂರ, ಪಾಳುಭೂಮಿಯಲ್ಲಿ ಕಷ್ಟಪಡಲು ಹೋಗಿ ಕುರಿ ಉಣ್ಣೆಯಿಂದ ಸಿರಿವಂತರಾದ ಕತೆಯನ್ನೂ ಟಿಪ್ಪಣಿ ಮಾಡಿಕೊಂಡೆ, ಬಳಸಲಿಲ್ಲ. ಟೆಂಪ್ಲರ್‌ಗಳನ್ನು ಬೇಕೆಂದೇ ಬಿಟ್ಟೆ. ಕತ್ತಿ ಹಿಡಿದ ಸನ್ಯಾಸಿ, ಗುಪ್ತ ನಿಧಿ ಎಲ್ಲ ಸವೆದು ಹೋಗಿದೆ.

ನಿಯಮಕ್ಕೆ ಕತೆ ಅಂಟಿಕೊಳ್ಳುವುದಕ್ಕೆ ನಮ್ಮ ಆಟದ ಚರಿತ್ರೆಯಲ್ಲೇ ಒಂದು ಉದಾಹರಣೆ ಇದೆ. 1974ರ ಮೊದಲ ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಕ್ಲೆರಿಕ್ ಹರಿತವಾದ ಆಯುಧ ಹಿಡಿಯುವಂತಿರಲಿಲ್ಲ. ಯಾಕೆ ಎಂದರೆ ಆಟಗಾರರು ಇವತ್ತಿಗೂ ಇಂಗ್ಲೆಂಡಿನ ಮೇಲಿನ ನಾರ್ಮನ್ ದಾಳಿಯನ್ನು ಚಿತ್ರಿಸುವ 11ನೇ ಶತಮಾನದ ಬಾಯೋ ಕಸೂತಿಯನ್ನು ತೋರಿಸುತ್ತಾರೆ, ಅದರಲ್ಲಿ ಬಿಷಪ್ ಓಡೋ ಕುದುರೆ ಮೇಲೆ ದೊಣ್ಣೆ ಹಿಡಿದಿದ್ದಾನೆ, ಪಾದ್ರಿ ರಕ್ತ ಹರಿಸಬಾರದಲ್ಲ ಎನ್ನುತ್ತಾರೆ. ದೊಣ್ಣೆಯಿಂದ ಹೊಡೆದರೆ ರಕ್ತ ಬರುವುದಿಲ್ಲವೇ ಎನ್ನುವುದು ಬೇರೆ ಮಾತು. ನಿಯಮ ಬರೀ ನಿಯಮವಾಗಿ ಬಂದರೆ ಜನ ಅದಕ್ಕೊಂದು ಕತೆ ಹುಡುಕಿ ಜೋಡಿಸಿಯೇ ತೀರುತ್ತಾರೆ. ಕತೆಯನ್ನು ನಾನೇ ಕೊಟ್ಟರಾಯಿತು.

ಎರಡನೇ ವಾರ: ಕೆಲಸದಿಂದ ಶುರು

ಈ ಸಲ ದೇವರ ಬಗ್ಗೆ ಒಂದು ಸಾಲೂ ಬರೆಯಬಾರದು ಎಂದು ಪಣ ತೊಟ್ಟೆ. ಮೊದಲು ಕೆಲಸ. ಹಳೆಯ ಹನ್ನೊಂದು ಪುಟದಲ್ಲಿ ಉಳಿಸಿಕೊಳ್ಳುವಂಥದ್ದು 'ಉಳಿದದ್ದು' ಎನ್ನುವ ಒಂದೇ ಭಾವ. ಏನು ಉಳಿಯುತ್ತದೆ? ಮನುಷ್ಯ ಸತ್ತಾಗ ಏನು ಉಳಿಯುತ್ತದೆ? ಕೊಟ್ಟ ಮಾತು, ತೀರದ ಸಾಲ, ಅರ್ಧ ನೇಯ್ದ ಬಟ್ಟೆ, ಕೇಳದ ಕ್ಷಮೆ. ಇವನ್ನು ತೀರಿಸಲು ಒಂದು ಪಂಥ. ಸತ್ತವರ ಬಾಕಿ ಹೊರುವವರು. ಹೆಸರು ತಾನಾಗಿ ಬಂತು: ಬಾಕಿಯವರು. ಊರ ಜನ ಕರೆಯುವ ಹೆಸರು ಅದು. ತಮ್ಮನ್ನು ತಾವು ಅವರು ಏನೂ ಕರೆದುಕೊಳ್ಳುವುದಿಲ್ಲ, 'ನಾವು' ಅನ್ನುತ್ತಾರೆ. ಈ ಸಲ ಯಾರೂ ಹಾವು ಬಿಡಿಸಲಿಲ್ಲ.

ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ? ಸೊಂಟಕ್ಕೆ ಕಟ್ಟಿದ ಹುರಿಯ ಗಂಟುಗಳನ್ನು (ಹೊತ್ತ ಬಾಕಿಗೊಂದು ಗಂಟು) ಬೆರಳಲ್ಲಿ ಎಣಿಸಿ, ಎಲ್ಲರ ಎದುರು ಗಟ್ಟಿಯಾಗಿ ಹೇಳುತ್ತಾರೆ: "ನನ್ನ ಮೇಲೆ ಎರಡು." ಪಕ್ಕದವನು: "ನನ್ನ ಮೇಲೆ ಒಂದು." ಗಂಟಿಲ್ಲದವರು "ನಾನು ಖಾಲಿ" ಅನ್ನಬೇಕು, ಹಾಗೆ ಅಂದವರೇ ಅವತ್ತು ಸಾವಾದ ಮನೆಗೆ ಹೋಗಬೇಕು. ಅಲ್ಲಿ ಮೂರು ಪ್ರಶ್ನೆ ಕೇಳುತ್ತಾರೆ. ಏನು ಉಳಿದಿದೆ? ಯಾರಿಗೆ? ತೀರದಿದ್ದರೆ ಬದುಕಿರುವ ಯಾರಿಗೆ ನೋವು? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಗಂಟಿಲ್ಲ. ಇಷ್ಟು ಬರೆಯಲು ಅರ್ಧ ಗಂಟೆ ಹಿಡಿಯಿತು. ಕ್ಲೆರಿಕ್ ಆಡುವವಳಿಗೆ ಕಳಿಸಿದೆ. "ಇದನ್ನ ಆಡಬಹುದು" ಎಂದಳು, ಅಷ್ಟೇ.

ಇಲ್ಲೊಂದು ಮಾತು. ಸಾವಿನ ಸುತ್ತ ಸುತ್ತುವ ಪಂಥ ಇದು, ಮೇಜಿನ ಸುತ್ತ ಕೂರುವವರು ಮನುಷ್ಯರು. ನಾಲ್ವರನ್ನೂ ಬೇರೆ ಬೇರೆಯಾಗಿ ಕೇಳಿದೆ. ಒಬ್ಬನ ಮನೆಯಲ್ಲಿ ಆ ವರ್ಷವೇ ಸಾವಾಗಿತ್ತು. ಆಡ್ತೀನಿ, ಆದರೆ ಕಾಯಿಲೆ ಬಿದ್ದು ದಿನಗಟ್ಟಲೆ ಸಾಯುವ ದೃಶ್ಯ ಬೇಡ ಎಂದ. ಆಟದಲ್ಲಿ ಬರಬಹುದಾದ ಬಾಕಿಗಳ ಪಟ್ಟಿಯಿಂದ ಎರಡು ಸಾಲು ಹೊಡೆದು ಹಾಕಿದೆ, ಕಾರಣ ಉಳಿದವರಿಗೆ ಹೇಳಲಿಲ್ಲ.

ನಿಯಮಗಳು ಏಳು. ಪ್ರತಿಯೊಂದರ ಎದುರಿಗೂ ಅದಕ್ಕೆ ಕಾರಣವಾದ ಘಟನೆ. ಏಳನ್ನೂ ಇಲ್ಲಿ ಬರೆಯುವುದಿಲ್ಲ, ಮೇಜಿನ ಮೇಲೆ ಕೆಲಸ ಮಾಡಿದ ನಾಲ್ಕನ್ನು ಹೇಳುತ್ತೇನೆ.

'ಉಸಿರಿರುವವರ ಬಾಕಿ ಕಟ್ಟಬೇಡ.' ಒಬ್ಬ ಸಾಹುಕಾರ ಸತ್ತಂತೆ ಮಲಗಿ, ಸಾಲಗಾರರ ಬಾಗಿಲಿಗೆ ಬಾಕಿಯವರನ್ನು ಕಳಿಸಿದ. ಸತ್ತವನ ಹೆಸರಲ್ಲಿ ಬಂದವರಿಗೆ ಇಲ್ಲ ಅನ್ನಲಾಗದೆ ಎಲ್ಲರೂ ತಂದುಕೊಟ್ಟರು. ವಸೂಲಿಯಾದ ಮರುದಿನ ಸಾಹುಕಾರ ಎದ್ದು ಕೂತ. ಅಂದಿನಿಂದ ಗಂಟು ಕಟ್ಟುವ ಮುಂಚೆ ಹೆಣದ ಪಕ್ಕ ಒಂದು ರಾತ್ರಿ ಎಚ್ಚರ ಕೂರುತ್ತಾರೆ. ಗೇಮ್ ಮಾಸ್ಟರ್‌ಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ: ನಾಲ್ಕು ಪಾತ್ರಗಳು, ಒಂದು ಹೆಣ, ಒಂದು ರಾತ್ರಿ.

'ಮುಚ್ಚಿದ ಕಾಗದ ಒಯ್ಯಬೇಡ.' ಸತ್ತವಳು ತಂಗಿಗೆ ಬರೆದಿಟ್ಟ ಪತ್ರ ಎಂದು ಒಬ್ಬ ಬಾಕಿಯವನು ಮೂರು ದಿನ ನಡೆದು ತಲುಪಿಸಿದ. ಅದರೊಳಗೆ ಇದ್ದದ್ದು ಇಷ್ಟೇ: 'ಇದನ್ನು ತಂದವನನ್ನು ಬಿಡಬೇಡ.' ಇದರಿಂದ ಆಟಗಾರರು ಪ್ರತಿಯೊಂದು ಪತ್ರವನ್ನೂ ಒಡೆದು ಓದಲೇಬೇಕು, ಓದಿದ ಮೇಲೆ ಗೊತ್ತಿಲ್ಲ ಅನ್ನುವ ಹಾಗಿಲ್ಲ.

'ಸತ್ತವರ ಮನೆಯಲ್ಲಿ ಎರಡನೇ ರಾತ್ರಿ ಕಳೆಯಬೇಡ.' ಸತ್ತ ನೇಕಾರ್ತಿಯ ಮಗ್ಗದಲ್ಲಿ ಉಳಿದಿದ್ದ ಅರ್ಧ ಬಟ್ಟೆಯನ್ನು ಮುಗಿಸಲು ಒಬ್ಬಳು ಹೋದಳು. ಬಟ್ಟೆ ಮುಗಿಯಿತು. ಮಕ್ಕಳು ಅವಳನ್ನು ಅಮ್ಮ ಅನ್ನತೊಡಗಿದ್ದವು. ಅವಳು ವಾಪಸ್ ಬರಲಿಲ್ಲ. ನಿಯಮ, ಘಟನೆಗಳನ್ನು ಬರೆದಿಡುವ ಪಂಥದ ವಹಿಯಲ್ಲಿ ಅವಳ ಹೆಸರಿನ ಮುಂದೆ ತಪ್ಪು ಎಂದು ಬರೆದಿಲ್ಲ, 'ಅಲ್ಲೇ ಇದ್ದಾಳೆ' ಎಂದು ಬರೆದಿದೆ. ಏಳರಲ್ಲಿ ನನಗೆ ಇಷ್ಟವಾದದ್ದು ಇದೇ. ನಿಯಮ ಮಾಡಿದವರಿಗೂ ಅವಳು ತಪ್ಪು ಮಾಡಿದಳು ಅನ್ನಿಸಿರಲಿಲ್ಲ ಎನ್ನುವುದು ಅದರಲ್ಲಿ ಕಾಣುತ್ತದೆ.

'ಸೇಡು ಬಾಕಿಯಲ್ಲ.' ಇದರ ಎದುರಿನ ಘಟನೆಯ ಜಾಗ ಖಾಲಿ, ಹಾಳೆ ಹರಿದಿದೆ. ಬೇಕೆಂದೇ ಹರಿದೆ. ಏನು ಬರೆದಿತ್ತು ಎಂದು ನನಗೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳಲೂ ಇಲ್ಲ. ಆ ಹರಿದ ಹಾಳೆಯಿಂದ ಒಡಕು ಹುಟ್ಟಿತು: ಘಟನೆಯೇ ಇಲ್ಲದ ನಿಯಮ ನಿಯಮವಲ್ಲ, ಕೊಲೆಯಾದವನ ಸೇಡೂ ಅವನ ಬಾಕಿಯೇ ಎನ್ನುವವರು ಬೇರೆಯಾಗಿ ಹೋಗಿ ಹುರಿಗೆ ಕೆಂಪು ಬಣ್ಣ ಹಾಕಿಕೊಂಡರು. ಕೆಂಪುಹುರಿಯವರು ಹೇಳುವುದರಲ್ಲೂ ನ್ಯಾಯವಿದೆ. ಅದಿಲ್ಲದಿದ್ದರೆ ಅವರು ಬರೀ ಖಳರಾಗುತ್ತಿದ್ದರು.

ದುಡ್ಡಿನ ನಿಯಮ ಫ್ರಾನ್ಸಿಸ್ಕನ್ನರದ್ದೇ ಅಚ್ಚು. ಕಣಜ ಊರಿನದು, ಬಾಕಿಯವರು ಬಳಸುವವರು ಮಾತ್ರ, ಬೀಗದ ಕೈ ಮಾತ್ರ ಯಾವಾಗಲೂ ಬಾಕಿಯವರ ಹಿರಿಯಳ ಹತ್ತಿರ.

ದೇವರು? ಇನ್ನೂ ಇಲ್ಲ. ಕೇಳಿದರೆ ಬಾಕಿಯವರು "ಅವನದ್ದೂ ಏನೋ ಬಾಕಿ ಇರಬೇಕು" ಅನ್ನುತ್ತಾರೆ. ಸದ್ಯಕ್ಕೆ ಅಷ್ಟು ಸಾಕು.

ಕೈಕೆಲಸ: ಹುರಿ ಮತ್ತು ವಹಿ

ಆಟಗಾರರ ಕೈಗೆ ಏನಾದರೂ ಕೊಡಬೇಕಿತ್ತು. ಮೂರು ಮಿಲಿಮೀಟರ್ ದಪ್ಪದ ಹತ್ತಿ ಹುರಿ, ತಲಾ ಒಂದು ಮೀಟರ್. ತುದಿ ಬಿಚ್ಚಿಕೊಳ್ಳದ ಹಾಗೆ ಕರಗಿದ ಮೇಣದಲ್ಲಿ ಅದ್ದಿ, ಬಿಸಿಯಾಗಿದ್ದಾಗಲೇ ಬೆರಳಲ್ಲಿ ಹೊಸೆದೆ. ಬೆರಳು ಸುಟ್ಟಿತು. ಎರಡನೆಯದಕ್ಕೆ ಒದ್ದೆ ಬಟ್ಟೆ ಹಿಡಿದುಕೊಂಡೆ.

ವಹಿಗೆ ಹತ್ತು ಹಾಳೆ. ಹಳೆಯದಾಗಿ ಕಾಣಲಿ ಎಂದು ಟೀ ನೀರಲ್ಲಿ ಅದ್ದುವುದು ಎಲ್ಲರಿಗೂ ಗೊತ್ತಿರುವ ಉಪಾಯ. ನಾನು ಮಾಡಿದ ಪೆದ್ದತನ ಎಂದರೆ ಮೊದಲು ಜೆಲ್ ಪೆನ್ನಲ್ಲಿ ನಿಯಮಗಳನ್ನೆಲ್ಲ ಬರೆದು ಆಮೇಲೆ ಅದ್ದಿದ್ದು. ಎರಡು ದಿನದ ಬರವಣಿಗೆ ನೀಲಿ ಕೆಸರಾಯಿತು. ಎರಡನೇ ಸುತ್ತಿನಲ್ಲಿ ಮೊದಲು ಹಾಳೆ ಅದ್ದಿ, ಹಗ್ಗದ ಮೇಲೆ ಒಣಗಿಸಿ, ಭಾರ ಹೇರಿ ಒಂದು ರಾತ್ರಿ ಚಪ್ಪಟೆ ಮಾಡಿ, ಆಮೇಲೆ ನೀರಿಗೆ ಹರಡದ ಪಿಗ್ಮೆಂಟ್ ಇಂಕಿನ ಪೆನ್ನಲ್ಲಿ ಬರೆದೆ. ಅಂಚನ್ನು ಕತ್ತರಿಯಿಂದ ಕತ್ತರಿಸದೆ ಸ್ಕೇಲ್ ಒತ್ತಿ ಹಿಡಿದು ಹರಿದರೆ ನಾರು ನಾರಾಗಿ ಚೆನ್ನಾಗಿ ಕಾಣುತ್ತದೆ. ಕೆಟ್ಟುಹೋದ ಮೊದಲ ಹಾಳೆಗಳನ್ನು ಎಸೆಯಲಿಲ್ಲ. 'ಪ್ರವಾಹದಲ್ಲಿ ನೆನೆದ ವಹಿ' ಎಂದು ಮುಂದೆ ಯಾವತ್ತಾದರೂ ಬೇಕಾಗುತ್ತದೆ.

ಮೂರನೇ ವಾರ: ಲೆಕ್ಕ

ಪಂಥಕ್ಕೆ ಆಟದ ನಿಯಮವೂ ಬೇಕಲ್ಲ. ಮೊದಲು ಸರಳವಾಗಿ ಇಟ್ಟೆ: ಬಾಕಿ ತೀರಿಸಿ ಗಂಟು ಬಿಚ್ಚಿದರೆ ಒಂದು ಸಲ ಅಡ್ವಾಂಟೇಜ್, ಅಂದರೆ ಇಪ್ಪತ್ತು ಮುಖದ ಡೈಸ್ ಎರಡು ಸಲ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಇದು ಚಿಲ್ಲರೆ ಲಾಭವಲ್ಲ. ಒಂದು ಡೈಸಿನ ಸರಾಸರಿ 10.5, ಹೀಗೆ ಹಾಕಿದರೆ 13.8. ಹನ್ನೊಂದೋ ಹೆಚ್ಚೋ ಬೀಳುವ ಸಾಧ್ಯತೆ 50ರಿಂದ 75 ಶೇಕಡಾಕ್ಕೆ ಏರುತ್ತದೆ.

ಬಿಡುವಿನ ನಡುವೆ ಒಂದು ಸಂಜೆ ಇಬ್ಬರನ್ನು ಕೂರಿಸಿ ಪ್ರಯೋಗ ಮಾಡಿದೆ. ಕಳ್ಳನ ಪಾತ್ರದವನು ಒಂದೂವರೆ ಗಂಟೆಯಲ್ಲಿ ಐದು ಗಂಟು ಕೂಡಿಹಾಕಿದ. ಸತ್ತವನು ಪಕ್ಕದ ಮನೆಯಿಂದ ತಂದಿದ್ದ ಏಣಿ ವಾಪಸ್, ಒಂದು ಗಂಟು. ಸತ್ತವನು ನಾಯಿಗೆ ಹೆಸರಿಡುತ್ತೇನೆ ಎಂದಿದ್ದ, ಇಟ್ಟಾಯಿತು, ಇನ್ನೊಂದು ಗಂಟು. ಅವನ ತಪ್ಪೇನಿಲ್ಲ, ನಾನು ಬಾಗಿಲು ತೆರೆದಿಟ್ಟಿದ್ದೆ. ಮೂರನೇ ಪ್ರಶ್ನೆಯನ್ನು ಆಟದ ನಿಯಮದೊಳಕ್ಕೆ ತರುವುದನ್ನೇ ಮರೆತಿದ್ದೆ: ತೀರದಿದ್ದರೆ ಬದುಕಿರುವ ಯಾರಿಗೆ ನೋವು? ಏಣಿಗೆ ನೋವಿಲ್ಲ. ಅದೊಂದನ್ನು ಸೇರಿಸಿ, ಒಬ್ಬರ ಮೇಲೆ ಒಂದು ಹೊತ್ತಿಗೆ ಮೂರೇ ಗಂಟು ಎಂದು ಮಿತಿ ಹಾಕಿದ ಮೇಲೆ ಸಂಗ್ರಹ ನಿಂತಿತು.

ಹುರಿಯಲ್ಲಿ ಅದೇ ಸಂಜೆ ಇನ್ನೊಂದು ಎಡವಟ್ಟು. ಸಾದಾ ಗಂಟು ಹಾಕಿದ್ದೆ. ಮಾತಾಡುತ್ತ ಮಾತಾಡುತ್ತ ಎಲ್ಲರೂ ಹುರಿ ಎಳೆದಾಡುತ್ತಾರೆ, ಗಂಟು ಕಲ್ಲಾಗುತ್ತದೆ. ಬಾಕಿ ತೀರಿತು, ಎಲ್ಲರೂ ಸುಮ್ಮನಾದರು, ಕ್ಲೆರಿಕ್ ಗಂಭೀರವಾಗಿ ಗಂಟಿಗೆ ಕೈ ಹಾಕಿದಳು, ಬಿಚ್ಚಲಿಲ್ಲ. ಉಗುರು ಹಾಕಿದಳು. ಹಲ್ಲು ಹಾಕಿದಳು. ಕೊನೆಗೆ ಕತ್ತರಿ ಕೇಳಿದಳು. ನಕ್ಕೂ ನಕ್ಕೂ ಆ ಸಂಜೆ ಮುಗಿಯಿತು. ಮನೆಗೆ ಬಂದು ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವ ಜಾರುಗಂಟು ಅಭ್ಯಾಸ ಮಾಡಿದೆ. ಆದರೆ ಆ ಹಲ್ಲು ಹಾಕಿ ಎಳೆದ ಚಿತ್ರ ತಲೆಯಿಂದ ಹೋಗಲಿಲ್ಲ. ಎರಡನ್ನೂ ಇಟ್ಟುಕೊಂಡೆ: ಸಣ್ಣ ಬಾಕಿಗೆ ಜಾರುಗಂಟು, ದೊಡ್ಡದಕ್ಕೆ ಕಗ್ಗಂಟು. ಕಗ್ಗಂಟು ಹೊತ್ತಿರುವವರೆಗೆ ಆ ಬಾಕಿಗೆ ಸಂಬಂಧಪಟ್ಟವರ ಮುಂದೆ ಸುಳ್ಳು ಹೇಳಬೇಕಾದರೆ ಎರಡು ಡೈಸ್ ಹಾಕಿ ಚಿಕ್ಕದನ್ನೇ ತೆಗೆದುಕೊಳ್ಳಬೇಕು. ಸರಾಸರಿ 7.2ಕ್ಕೆ ಇಳಿಯುತ್ತದೆ. ಬಿಚ್ಚಲು ಹಲ್ಲು ಹಾಕುವುದು ಈಗ ಪಂಥದ ಆಚರಣೆ.

ಯಾವ ಬಾಕಿ ಎದುರಾಗುತ್ತದೆ ಎಂದು ಡೈಸ್ ಹಾಕಿ ನೋಡುವ ಬಾಕಿಗಳ ಪಟ್ಟಿಯನ್ನು ಮೊದಲು ಹನ್ನೆರಡು ಮುಖದ ಒಂದು ಡೈಸಿಗೆ ಮಾಡಿದ್ದೆ. ಹಾಗೆ ಮಾಡಿದರೆ ಡ್ರಾಗನ್‌ಗೆ ಕೊಟ್ಟ ಮಾತೂ ಮಗಳಿಗೆ ಕೊಟ್ಟ ಮಾತೂ ಸಮ ಸಮ ಬೀಳುತ್ತವೆ, ಹನ್ನೆರಡರಲ್ಲಿ ಒಂದು ಪಾಲು. ಆರು ಮುಖದ ಎರಡು ಡೈಸಿಗೆ ಬದಲಾಯಿಸಿದೆ. ಏಳು ಬೀಳುವುದು 36ರಲ್ಲಿ ಆರು ಸಲ, ಎರಡು ಮತ್ತು ಹನ್ನೆರಡು 36ರಲ್ಲಿ ಒಂದೊಂದೇ ಸಲ. ಡ್ರಾಗನ್ ಹನ್ನೆರಡಕ್ಕೆ ಹೋಯಿತು. ಆರು, ಏಳು, ಎಂಟರಲ್ಲಿ ಮನೆಮಂದಿಯ ಮಾತುಗಳು ಕೂತವು.

ಮೇಜಿನ ಮೇಲೆ

ಬಿಡುವಿನ ನಂತರದ ಮೊದಲ ಸೆಷನ್‌ನಲ್ಲಿ ಏಳು ಬಿತ್ತು: ಒಡಹುಟ್ಟಿದವರಿಗೆ ಕೇಳದ ಕ್ಷಮೆ. ಸತ್ತವನು ಕುಂಬಾರ. ಹೊಳೆಯ ಮೇಲ್ಗಡೆ ಊರಲ್ಲಿರುವ ಅಣ್ಣನ ಹತ್ತಿರ ಹೋಗಿ ತಪ್ಪಾಯ್ತು ಅನ್ನುತ್ತೇನೆ ಎಂದು ಮಗಳಿಗೆ ಹೇಳುತ್ತಲೇ ಹೋದವನು. ಯಾರಿಗೆ ನೋವು? ಮಗಳಿಗೆ, ಅವಳಿಗೆ ಉಳಿದಿರುವ ಬಂಧು ಎಂದರೆ ದೊಡ್ಡಪ್ಪನ ಮನೆಯವರೇ. ಹೆಣದ ಪಕ್ಕ ಒಂದು ರಾತ್ರಿ ಕೂತರು (ಏನೂ ಆಗಲಿಲ್ಲ, ಆದರೂ ಕಳ್ಳ ಮೂರು ಸಲ ಉಸಿರು ಪರೀಕ್ಷೆ ಮಾಡಿದ). ಕ್ಲೆರಿಕ್ ಹುರಿಗೆ ಕಗ್ಗಂಟು ಬಿತ್ತು.

ಎರಡು ಸೆಷನ್ ಪ್ರಯಾಣ. ತಲುಪಿದಾಗ ಅಣ್ಣ ಸತ್ತು ತಿಂಗಳಾಗಿತ್ತು. ಇದನ್ನು ನಾನು ಮೊದಲೇ ನಿಶ್ಚಯಿಸಿರಲಿಲ್ಲ. ಬದುಕಿದ್ದಾನೋ ಇಲ್ಲವೋ ಎಂದು ಅಲ್ಲೇ ಎಲ್ಲರ ಎದುರು ಡೈಸ್ ಹಾಕಿದೆ, ಒಂದು ಬಿತ್ತು.

ಮಾಂತ್ರಿಕ ವಹಿ ತಿರುವಿ ಹಾಕಿದ. "ತಗೊಳ್ಳಬೇಕಾದವನೇ ಸತ್ತರೆ ಏನು ಮಾಡಬೇಕು ಅಂತ ಇದರಲ್ಲಿ ಇಲ್ಲ."

"ಇಲ್ಲ" ಎಂದೆ. ನಿಜಕ್ಕೂ ಇರಲಿಲ್ಲ, ನನಗೆ ಹೊಳೆದೇ ಇರಲಿಲ್ಲ.

ಕ್ಲೆರಿಕ್ ಅಣ್ಣನ ಮಗನ ಹತ್ತಿರ ಹೋಗಿ ಕುಂಬಾರನ ಪರವಾಗಿ ಕ್ಷಮೆ ಕೇಳಿದಳು. ನಾನು ಆ ಹುಡುಗನಾಗಿ ಹೇಳಿದೆ: "ನನ್ನ ಯಾಕೆ ಕೇಳ್ತೀರಕ್ಕಾ? ಚಿಕ್ಕಪ್ಪ ನನಗೇನೂ ಮಾಡಿಲ್ಲವಲ್ಲ." ಅವಳು ಹುರಿ ಹಿಡಿದುಕೊಂಡು ಸುಮ್ಮನೆ ಕೂತಳು. ಒಂದು ನಿಮಿಷವೇ ಆಗಿರಬೇಕು, ಮೇಜಿನ ಮೇಲೆ ಒಂದು ನಿಮಿಷ ಬಹಳ ದೊಡ್ಡದು. ಆಮೇಲೆ ಆ ಹುಡುಗನಿಗೆ ಮೂರು ಪ್ರಶ್ನೆ ಕೇಳಿದಳು. ನಿಮ್ಮಪ್ಪನದ್ದು ಏನಾದರೂ ಉಳಿದಿತ್ತಾ?

ಉತ್ತರ ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ: "ಮಳೆ ನಿಂತ ಮೇಲೆ ತಮ್ಮನ ಮನೆಗೆ ಹೋಗಿ ಬರ್ತೀನಿ ಅಂತಿದ್ರು."

ಅವಳು ತನ್ನ ಹುರಿಯಲ್ಲಿ ಎರಡನೇ ಕಗ್ಗಂಟು ಹಾಕಿದಳು, ಮೊದಲನೆಯದಕ್ಕೆ ತಾಗಿಸಿ. "ಅವನದ್ದು ಇವನಿಗೆ, ಇವನದ್ದು ಅವನಿಗೆ. ಒಂದಕ್ಕೊಂದು ವಜಾ" ಎಂದಳು. ಎರಡನ್ನೂ ಹಲ್ಲಲ್ಲಿ ಎಳೆದು ಬಿಚ್ಚಿದಳು. ಎಳೆಯಲು ಸಾಕಷ್ಟು ಹೊತ್ತು ಹಿಡಿಯಿತು, ಈ ಸಲ ಯಾರೂ ನಗಲಿಲ್ಲ. ಬಿಚ್ಚಿದ ಹುರಿಯನ್ನು ಕುಂಬಾರನ ಮಗಳಿಗೆ ಒಯ್ದು ಕೊಡಲು ಆ ಹುಡುಗನ ಕೈಗೇ ಕೊಟ್ಟಳು.

ಮುಂದಿನ ಸೆಷನ್‌ನಲ್ಲಿ ಪಂಥದ ಹಿರಿಯಳ ಎದುರು ವಿಚಾರಣೆ ಇಟ್ಟೆ. ಯಾರನ್ನು ಕೇಳಿ ವಜಾ ಮಾಡಿದೆ? ಕೊಟ್ಟ ಹುರಿಯನ್ನು ಬೇರೆಯವರಿಗೆ ಯಾಕೆ ಕೊಟ್ಟೆ? ವಾದ ಮುಕ್ಕಾಲು ಗಂಟೆ ನಡೆಯಿತು. ಕಳ್ಳ ವಕೀಲನಾದ, ಚೆನ್ನಾಗಿಯೇ ವಾದಿಸಿದ. ಗೋಡೆಗೆ ಅಂಟಿಸಿಕೊಂಡಿದ್ದ ಮಾತನ್ನು ಹಿರಿಯಳ ಬಾಯಲ್ಲಿ ಹೇಳಿಸಿದೆ: ನಿಯಮ ಇಲ್ಲದಾಗ ಮಾಡಿದವಳಿಗೆ ದೋಷವಿಲ್ಲ, ಇನ್ನು ಮುಂದೆ ಇದು ನಿಯಮ. ವಹಿಯನ್ನು ಕ್ಲೆರಿಕ್ ಆಡುವವಳ ಮುಂದೆ ತಳ್ಳಿ ನೀನೇ ಬರಿ ಎಂದೆ.

ಎಂಟನೇ ನಿಯಮವನ್ನೂ ಅದರ ಎದುರಿನ ಘಟನೆಯನ್ನೂ ಅವಳೇ ಬರೆದಳು. ಪಿಗ್ಮೆಂಟ್ ಪೆನ್ನು ತರಲು ಮರೆತಿದ್ದೆ, ಜೆಲ್ ಪೆನ್ನಲ್ಲೇ ಬರೆದಳು. ಬರೆಯುತ್ತ ಹೆಬ್ಬೆರಳು ತಾಗಿ 'ವಜಾ' ಎನ್ನುವಲ್ಲಿ ಸ್ವಲ್ಪ ಹರಡಿದೆ. ಕಳ್ಳನ ಪಾತ್ರದವನು ಆ ಹಾಳೆಯನ್ನು ಎರಡು ಸಲ ಓದಿ, "ಹಾಗಾದ್ರೆ ಕೊಲೆ ಮಾಡಿದವನೂ ಕೊಲೆಯಾದವನೂ ಇಬ್ಬರೂ ಸತ್ತಿದ್ರೆ ಕೆಂಪುಹುರಿಯವರು ಏನು ಮಾಡ್ತಾರೆ?" ಎಂದು ಕೇಳಿದ. ಮುಂದಿನ ವಾರ ಹೇಳ್ತೀನಿ ಎಂದೆ.